ಸೃಜನೋದ್ಯಮವೆಂಬ ಹೊಸ ವ್ಯಾಸಂಗ

ಕಲೆಗೂ ಉದ್ಯಮಕ್ಕೂ ಎಣ್ಣೆ ಸೀಗೆಕಾಯಿಯ ನಂಟು ಎಂಬುದು ನಮ್ಮಲ್ಲಿ ಬಹುಕಾಲದ ನಂಬಿಕೆ. ಅಂತಿರುವಾಗ ಇವೆರಡನ್ನೂ ಬೆಸೆದು ‘ಸೃಜನಶೀಲ ಉದ್ಯಮಗಳು’ ಎಂಬ ವಿಷಯದಲ್ಲಿ ವಿಶ್ವವಿದ್ಯಾನಿಲಯಗಳು ಪದವಿಯನ್ನೇ ಕೊಡುತ್ತವೆಯೆಂದರೆ ಮೂಗಿನ ಮೇಲೆ ಬೆರಳಿಡುವವರೇ ಹೆಚ್ಚು. ಕನ್ನಡ ಮಾಧ್ಯಮದಲ್ಲಿ ಓದಿದ ನನ್ನ ಶಿಷ್ಯೆಯೊಬ್ಬಳು ಆ ವ್ಯಾಸಂಗವನ್ನು ಮಾಡಬೇಕೆಂದು ಹಂಬಲಿಸಿದಂದಿನಿಂದ ನಾನು ಈ ವಿಚಾರವನ್ನು ಮನಸ್ಸಿನಲ್ಲಿ ತೂಗಿನೋಡುತ್ತಿದ್ದೇನೆ. ಆಕೆ ಚಿತ್ರ ಬರೆಯುವುದರಲ್ಲಿ ಕೈ ಪಳಗಿದವಳು. ತಂದೆ ಯಕ್ಷಗಾನ ಮೇಳದ ವೇಷಧಾರಿ. ‘ಕಲೆಯಿಂದ ಹೊಟ್ಟೆ ತುಂಬದೆಂದು ನಾನು ಬಲ್ಲೆ, ಮಾಸ್ಟ್ರೆ. ಮಗಳಿಗೂ ಅದೇ ದಾರಿಯೆ?’ ಎಂಬ ಅವರ ಪ್ರಶ್ನೆ ಹಗುರವಾದುದಲ್ಲ.

‘ಉದ್ಯಮ’ವೆಂಬ ಮಾತು ಕಲೆಗೆ ಅಂಟಿಕೊಂಡದ್ದು ನಿಂದೆಯ ರೂಪದಲ್ಲಿ. ಜರ್ಮನಿಯನ್ನು ತೊರೆದು ಅಮೆರಿಕವನ್ನು ಸೇರಿದ್ದ ತತ್ತ್ವಜ್ಞರಾದ ಅಡೋರ್ನೊ ಮತ್ತು ಹೋರ್ಕ್‌ಹೈಮರ್ ೧೯೪೪ರಲ್ಲಿ ‘ಸಂಸ್ಕೃತಿ ಉದ್ಯಮ’ವನ್ನು ಖಂಡಿಸಿ ಬರೆದರು. ಚಲನಚಿತ್ರವೂ ರೇಡಿಯೋವೂ ಜನರ ಅಭಿರುಚಿಯನ್ನು ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುತ್ತಿವೆಯೆಂಬುದು ಅವರ ಆಕ್ಷೇಪ. ಆ ಗ್ರಂಥವೂ ಮೊದಲು ಓದುಗರ ಕೈಸೇರಿದ್ದು ನಮ್ಮ ಈ ಪತ್ರಿಕೆಯಂತೆ ಸೈಕ್ಲೋಸ್ಟೈಲ್ ಪ್ರತಿಗಳಲ್ಲಿಯೇ! ಅರ್ಧ ಶತಮಾನ ಕಳೆಯುವಷ್ಟರಲ್ಲಿ ನಿಂದೆ ಸ್ತುತಿಯಾಗಿ ತಿರುಗಿತು. ೧೯೯೮ರಲ್ಲಿ ಬ್ರಿಟನ್ ಸರಕಾರವು ಜಾಹೀರಾತು, ವಾಸ್ತುಶಿಲ್ಪ, ಕರಕುಶಲ, ಸಂಗೀತ, ರಂಗಕಲೆ, ಪ್ರಕಾಶನ ಮೊದಲಾದ ೧೩ ಕ್ಷೇತ್ರಗಳನ್ನು ಸೃಜನಶೀಲ ಉದ್ಯಮಗಳೆಂದು ಪಟ್ಟಿಮಾಡಿ, ಅವುಗಳಿಂದ ದೊರೆಯುವ ಆದಾಯ ಉದ್ಯೋಗಗಳನ್ನು ಎಣಿಸಿತು. ೨೦೦೧ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿರುವ ಕ್ವೀನ್ಸ್‌ಲ್ಯಾಂಡ್ ತಾಂತ್ರಿಕ ವಿಶ್ವವಿದ್ಯಾನಿಲಯವು ಅದೇ ಹೆಸರಿನ ನಿಕಾಯವನ್ನು ತೆರೆಯಿತು.

ಭಾರತದಲ್ಲಿ ಈ ವಿದ್ಯೆಗಳು ಬೇರೆ ಬೇರೆ ಮನೆಗಳಲ್ಲಿ ಬೆಳೆದವು. ಬರೋಡದ ಲಲಿತಕಲಾ ನಿಕಾಯ ೧೯೫೦ರಲ್ಲಿ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ ೧೯೫೯ರಲ್ಲಿ, ಪುಣೆಯ ಚಲನಚಿತ್ರ ಸಂಸ್ಥೆ ೧೯೬೦ರಲ್ಲಿ, ಅಹಮದಾಬಾದಿನ ವಿನ್ಯಾಸ ಸಂಸ್ಥೆ ೧೯೬೧ರಲ್ಲಿ ಹುಟ್ಟಿದವು. ನಮ್ಮ ನೆರೆಯ ಮಂಚಿಯ ಬಿ. ವಿ. ಕಾರಂತರು ದೆಹಲಿಯಲ್ಲಿ ಕಲಿತು, ಮುಂದೆ ಆ ಶಾಲೆಯ ನಿರ್ದೇಶಕರೇ ಆದರು. ಅಲ್ಲೆಲ್ಲ ಒಂದು ಕಲೆಯ ಆಳಕ್ಕಿಳಿಯುವುದೇ ಗುರಿ. ಹೊಸ ಪದವಿಯ ರೀತಿ ಬೇರೆ. ಅಲ್ಲಿ ಹಲವು ಕಲೆಗಳ ಪರಿಚಯದೊಡನೆ ಆಯವ್ಯಯದ ಅಂದಾಜು, ಕರಾರು, ಕೃತಿಸ್ವಾಮ್ಯ, ಪ್ರೇಕ್ಷಕರನ್ನು ತಲಪುವ ಬಗೆ, ಹತ್ತು ಜನರನ್ನು ಕೂಡಿಸಿ ಕೆಲಸ ನಡೆಸುವ ಜಾಣ್ಮೆ ಇವುಗಳನ್ನು ಕಲಿಸುತ್ತಾರೆ.

ಈ ಕಲಿಕೆ ನಮಗೆ ಬೇಡವೆನ್ನುವಂತಿಲ್ಲ. ಯಕ್ಷಗಾನ ಮೇಳವೂ ಒಂದು ಉದ್ಯಮವೇ ತಾನೆ? ಯಜಮಾನ, ಭಾಗವತ, ವೇಷಧಾರಿ, ನೇಪಥ್ಯದವರು, ಅಡುಗೆಯವರು ಎಲ್ಲರ ಅನ್ನವೂ ಅದರಲ್ಲಿದೆ. ದೀಪಾವಳಿಯ ಬಳಿಕ ಹೊರಟ ಮೇಳ ಪತ್ತನಾಜೆಗೆ ಗೆಜ್ಜೆ ಬಿಚ್ಚಿದರೆ, ಮಳೆಗಾಲದಲ್ಲಿ ಕಲಾವಿದನ ಮನೆಯ ಒಲೆ ಉರಿಯುವುದು ಹೇಗೆ? ಅವನ ಕುಣಿತ ಸಾವಿರ ದೂರವಾಣಿಗಳಲ್ಲಿ ಹರಿದಾಡಿದರೂ ಅವನ ಕೈಗೆ ಕಾಸು ಸೇರುವುದು ಅಪರೂಪ. ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಕೃತಿಕಾರನ ಹಕ್ಕು ಈಗ ಅವನ ಮರಣಾನಂತರ ೬೦ ವರ್ಷ ಉಳಿಯುತ್ತದೆ. ೧೯೯೪ರ ತಿದ್ದುಪಡಿಯು ನಟ, ಗಾಯಕ ಮೊದಲಾದ ಪ್ರದರ್ಶಕರಿಗೂ ತಮ್ಮ ಪ್ರದರ್ಶನದ ಮೇಲೆ ಹಕ್ಕನ್ನು ಕೊಟ್ಟಿತು. ಇದನ್ನು ಬಲ್ಲ ವೇಷಧಾರಿಗಳು ಎಷ್ಟು ಮಂದಿ? ರಂಗದ ಮರ್ಮವನ್ನೂ ಕರಾರಿನ ಒಕ್ಕಣೆಯನ್ನೂ ಅರಿತವರೊಬ್ಬರು ಮೇಳದ ಮನೆಗಳಲ್ಲಿಯೇ ಬೆಳೆದು ಬಂದರೆ ಅದು ಸಣ್ಣ ಉಪಕಾರವಲ್ಲ. ಆ ತಂದೆಗೆ ನಾನು ಹೇಳಿದ್ದೂ ಇದನ್ನೇ: ನಿಮ್ಮ ದಾರಿಯಲ್ಲಿ ನಿಮಗಿಲ್ಲದಿದ್ದ ದೀವಟಿಗೆಯನ್ನು ಮಗಳು ಹಿಡಿಯಲಿ.

ಆದರೆ ಎರಡು ಎಚ್ಚರಿಕೆಯ ಮಾತುಗಳನ್ನು ಮಗಳಿಗೆ ಹೇಳಿದೆ. ಹತ್ತು ಬಾವಿಗಳನ್ನು ಮೊಳದುದ್ದ ತೋಡಿದರೆ ಒಂದರಲ್ಲಿಯೂ ನೀರು ಸಿಕ್ಕದು. ಆದುದರಿಂದ ಮೊದಲು ಒಂದು ಕಲೆಯನ್ನು ಗಟ್ಟಿಯಾಗಿ ಹಿಡಿ. ಎರಡನೆಯದಾಗಿ, ಬೆಲೆ ಕಟ್ಟಲು ಕಲಿತವರು ಬೆಲೆಗೆ ಸಿಕ್ಕದುದನ್ನೂ ಮರೆಯಬಾರದು. ಹರಕೆಯಾಟಕ್ಕೆ ಟಿಕೆಟ್ಟಿಲ್ಲ. ಒಬ್ಬರ ಹರಕೆ ಊರಿಗೆಲ್ಲ ಇರುಳಿಡೀ ಆಟವಾಗುತ್ತದೆ. ಆ ಸಂತೋಷವನ್ನು ಲೆಕ್ಕದ ಪುಸ್ತಕದ ಯಾವ ಕಲಮಿನಲ್ಲಿ ಬರೆಯೋಣ?

ಇಂಗ್ಲಿಷಿನಲ್ಲಿ ಪಾಠ ಕೇಳಬೇಕಾದೀತೆಂದು ನಮ್ಮ ಮಕ್ಕಳು ಅಂಜುತ್ತಾರೆ. ಆ ಭಾಷೆಯನ್ನು ಒಂದೆರಡು ವರುಷದ ದುಡಿಮೆಯಿಂದ ಗಳಿಸಬಹುದು. ಆದರೆ ಶಾಲೆಯಲ್ಲಿ ಕನ್ನಡ, ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳವೆಂದು ಬೆಳೆದ ಕಾಸರಗೋಡಿನ ಮಗುವಿನ ಕಿವಿಯಲ್ಲಿ ಕೂಡಿರುವ ಕತೆ, ಗಾದೆ, ಹಾಡು, ಮಾತಿನ ವರಸೆಗಳನ್ನು ಯಾವ ವಿಶ್ವವಿದ್ಯಾನಿಲಯವೂ ಸಾಲವಾಗಿ ಕೊಡಲಾರದು. ಆ ಮೂಲಧನವನ್ನು ಶಾಲೆಯಲ್ಲಿಯೇ ಬೆಳೆಸಿ ಕಳುಹಿಸತಕ್ಕ ಹೊಣೆ ಉಪಾಧ್ಯಾಯರಾದ ನಮ್ಮದು. ಚಿತ್ರದ ಅವಧಿಯನ್ನು ಗಣಿತಕ್ಕೆ ಬಿಟ್ಟುಕೊಡುವ ಮುನ್ನ ಇಷ್ಟನ್ನಾದರೂ ನಾವು ಯೋಚಿಸಬೇಕು.