ಗಟ್ಟಿ ಪಾಕ, ತೆಳು ಪಾಕ

ಮಕ್ಕಳೇ, ಬೆಲ್ಲವನ್ನು ಹೆಚ್ಚಾಗಿ ಕಬ್ಬಿನಿಂದ ಮಾಡುತ್ತಾರೆ. ನನ್ನ ಮಗಳಿರುವ ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಮರದ ರಸದಿಂದಲೇ ಸಿಹಿ ಪಾಕ ಮಾಡುತ್ತಾರೆ. ಮಾರ್ಚ್‌ನಲ್ಲಿ ಅಲ್ಲಿ ರಾತ್ರಿ ನೀರು ಹೆಪ್ಪುಗಟ್ಟುವ ಚಳಿ, ಹಗಲು ಎಳೆಬಿಸಿಲು. ಆಗ ಮೇಪಲ್ ಮರಕ್ಕೆ ಸಣ್ಣ ತೂತು ಕೊರೆದರೆ ನೀರಿನಂಥ ರಸ ತೊಟ್ಟಿಕ್ಕುತ್ತದೆ. ಅದರಲ್ಲಿ ಸಕ್ಕರೆ ನೂರಕ್ಕೆ ಸುಮಾರು 2 ಪಾಲು. 40 ಲೀಟರಿನಷ್ಟು ರಸ ಕುದಿಸಿದರೆ 1 ಲೀಟರ್ ಪಾಕ!

ಪಕ್ಕದ ಮನೆಯ ಅಜ್ಜನಿಗೆ ಎಂಬತ್ತು ದಾಟಿದೆ. "ಕಾಲು ಕೇಳುವುದಿಲ್ಲ, ಇದೇ ನನ್ನ ಕೊನೆಯ ಪಾಕ" ಎಂದರು. ಅವರ ಬಳಿ ಎರಡು ಡಬ್ಬಿಗಳಿದ್ದವು. ಗಾಜಿನ ಮಾಪಕ ತೇಲಿಬಿಟ್ಟು ಮೊಮ್ಮಗಳು ಅಂಕೆ ಓದಿದಳು. 4 ಕೆ.ಜಿ. ಪಾಕ 64, 6 ಕೆ.ಜಿ. ಪಾಕ 69. ಅಂದರೆ 100 ಗ್ರಾಂ ಪಾಕದಲ್ಲಿ ಅಷ್ಟು ಗ್ರಾಂ ಸಕ್ಕರೆ. ವರ್ಮಾಂಟ್‌ನ ನಿಯಮದಂತೆ ಕನಿಷ್ಠ 66.9 ಇರಬೇಕು. ತೆಳುವಾದರೆ ಹುಳಿ ಬಂದು ಬೂಸ್ಟು ಹಿಡಿಯುತ್ತದೆ. ಗಟ್ಟಿಯಾದರೆ ತಳದಲ್ಲಿ ಹರಳು ಕಟ್ಟುತ್ತದೆ. ನನಗೆ ಒಂದೆಳೆ ಪಾಕ ಬೆರಳಲ್ಲೇ ಗೊತ್ತು. ಆದರೆ 64ಕ್ಕೂ 67ಕ್ಕೂ ಇರುವ ವ್ಯತ್ಯಾಸ ಬೆರಳಿಗೆ ಸಿಗದು.

ತೆಳು ಪಾಕವನ್ನು ಮತ್ತೆ ಕುದಿಸಬಹುದಿತ್ತು. ಆಗ ಗಟ್ಟಿ ಪಾಕ ಹಾಗೇ ಉಳಿಯುತ್ತಿತ್ತು. ಎರಡನ್ನೂ ಬೆರೆಸಿದರೆ? ನಮ್ಮ ಕಾಲದ ಶಾಲೆಯಲ್ಲಿ ಎರಡು ದರದ ಅಕ್ಕಿ ಬೆರೆಸುವ ಲೆಕ್ಕ ಮಾಡಿಸುತ್ತಿದ್ದರು. ಇದೂ ಅದೇ ಎಂದು ಮೊಮ್ಮಗಳಿಗೆ ಹೇಳಿಕೊಟ್ಟೆ.

ನಮಗೆ ಬೇಕಾದದ್ದು 67. ಅದರಿಂದ 64 ಕಳೆದರೆ 3. ಅದು ಗಟ್ಟಿ ಪಾಕದ ಪಾಲು. 69ರಿಂದ 67 ಕಳೆದರೆ 2. ಅದು ತೆಳು ಪಾಕದ ಪಾಲು. 6 ಕೆ.ಜಿ.ಗೆ 4 ಕೆ.ಜಿ., ಸರಿಯಾಗಿ ಹೊಂದಿತು! ಮೊಮ್ಮಗಳು ತಾಳೆ ನೋಡಿದಳು: 4.14 ಕೆ.ಜಿ. ಸಕ್ಕರೆ, 2.56 ಕೆ.ಜಿ. ಸಕ್ಕರೆ, ಕೂಡಿದರೆ 10 ಕೆ.ಜಿ. ಪಾಕದಲ್ಲಿ 6.70.

ಚೆನ್ನಾಗಿ ಕಲಕಿ, ಮತ್ತೊಮ್ಮೆ ಅಳೆದೆವು. 67! ಅಜ್ಜ ಅಂಕೆಯನ್ನು ಎರಡು ಸಲ ಓದಿಸಿಕೊಂಡರು. ಪಾಕವನ್ನು 82 ಡಿಗ್ರಿ ಸೆಲ್ಸಿಯಸ್ ದಾಟುವಂತೆ ಕಾಯಿಸಿ, ಬಿಸಿಯಿರುವಾಗಲೇ ಬಾಟಲಿಗಳಿಗೆ ತುಂಬಿದೆವು. ಆಮೇಲೆ ಅವರು ಮಾಪಕವನ್ನು ಬಟ್ಟೆಯಲ್ಲಿ ಸುತ್ತಿ ಮೊಮ್ಮಗಳ ಕೈಗಿಟ್ಟರು. ಮುಂದಿನ ಮಾರ್ಚ್‌ನಲ್ಲಿ ಮರಕ್ಕೆ ತೂತು ಕೊರೆಯುವುದನ್ನು ಅವಳಿಗೆ ಕಲಿಸುತ್ತಾರಂತೆ.

ಈಗ ನಿಮ್ಮ ಸರದಿ. ಇದೇ ಎರಡು ಪಾಕದಿಂದ 68 ಬೇಕಿದ್ದರೆ ಯಾವುದು ಎಷ್ಟು ಪಾಲು? ಅಜ್ಜ-ಅಜ್ಜಿಯ ಜೊತೆ ಕೂತು ಲೆಕ್ಕ ಹಾಕಿ.