ಗ್ಯಾಸ್ ನೋಡಿದ್ರಾ?



ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಹೋದ ಡಿಸೆಂಬರ್ 6ರಂದು ನಮ್ಮ ಹಟ್ಟಿಯಲ್ಲಿ ಬಾಬಾಸಾಹೇಬರ ಫೋಟೋ ಮುಂದೆ ಮೇಣದಬತ್ತಿ ಹಚ್ಚಿ ಎಲ್ಲರೂ ಎದ್ದು ಹೋದಮೇಲೂ ನೇವಿ ಚಿಕ್ಕಪ್ಪ ಕೂತೇ ಇದ್ರು. "ನಾಡಿದ್ದು 8 ಕಣಪ್ಪ. ಬೆಂಗ್ಳೂರಲ್ಲಿ ನಮ್ಮೋರೆಲ್ಲ ಸೇರ್ತಾರೆ, ಬರ್ತೀಯಾ?" ಅಂದ್ರು. ನಮ್ಮೋರು ಅಂದ್ರೆ ನಮ್ಮ ಜನ ಅಂತ ನಾನು ತಿಳ್ಕೊಂಡೆ. ಯಾವ ಸಂಘಟನೆ, ಯಾವ ಬಣ ಅಂತಲೂ ಕೇಳಿಬಿಟ್ಟೆ. ಚಿಕ್ಕಪ್ಪ ನಕ್ಕರು. ಅವರು ಹೇಳಿದ್ದು ಸಬ್‌ಮೆರೀನಿನೋರು.

1967ರ ಡಿಸೆಂಬರ್ 8ರಂದು ಸೋವಿಯತ್ ದೇಶದ ರಿಗಾ ಬಂದರಿನಲ್ಲಿ ಐಎನ್‌ಎಸ್ ಕಲ್ವರಿ ನಮ್ಮ ನೌಕಾಪಡೆಗೆ ಸೇರಿತು. ಭಾರತದ ಮೊದಲ ಜಲಾಂತರ್ಗಾಮಿ ಅದು. ಹಂಗಾಗಿ ವರ್ಷಾ ವರ್ಷಾ 8ನೇ ತಾರೀಕು ಅದರಲ್ಲಿ ದುಡಿದೋರಿಗೆಲ್ಲ ಹಬ್ಬ.

ತ್ಯಾಮಗೊಂಡ್ಲಿಗೂ ಸಮುದ್ರಕ್ಕೂ ಏನು ಸಂಬಂಧ? ಇಲ್ಲಿಂದ ಕಾಣೋದು ಶಿವಗಂಗೆ ಬೆಟ್ಟ. ನೀರು ಅಂದ್ರೆ ಕೆರೆ, ಅದೂ ಮಳೆ ಆದ ವರ್ಷ. ಊರ ಬಾವಿಗೆ ನಮ್ಮ ಹುಡುಗರು ಇಳಿಯಂಗಿರಲಿಲ್ಲ, ಅದಕ್ಕೆ ಚಿಕ್ಕಪ್ಪ ಈಜು ಕಲಿತದ್ದು ಕೆರೆಯಲ್ಲಿ ದನ ಮೈ ತೊಳೆಯೋ ಕಡೆ. ಎಸ್ಸೆಸ್ಸೆಲ್ಸಿ ಪಾಸಾಗಿ 1982ರಲ್ಲಿ ಒಡಿಶಾದ ಐಎನ್‌ಎಸ್ ಚಿಲ್ಕಾಕ್ಕೆ ಟ್ರೈನಿಂಗಿಗೆ ಹೋದಾಗ, ಸಮುದ್ರ ಉಪ್ಪಗಿರುತ್ತೆ ಅನ್ನೋದನ್ನ ಬಾಯಿಗೆ ಹಾಕ್ಕೊಂಡೇ ನಂಬಿದ್ರಂತೆ. ಆಮೇಲೆ ಸಬ್‌ಮೆರೀನಿಗೆ ತಾವೇ ಹೆಸರು ಕೊಟ್ರು. ಯಾಕೆ ಅಂದ್ರೆ, "ಭತ್ಯೆ ಜಾಸ್ತಿ ಕಣಪ್ಪ. ನಿಮ್ಮಜ್ಜಿ ಸಾಲ ತೀರಿಸ್ಬೇಕಿತ್ತು." ದೇಶಭಕ್ತಿ ಭಾಷಣ ಮಾಡೋರು ಇದನ್ನ ಗಮನಿಸಿ.

8ನೇ ತಾರೀಕು ಜಾಲಹಳ್ಳಿ ಕಡೆ ಒಬ್ಬರ ಮನೆ ತಾರಸಿ ಮೇಲೆ ಸೇರಿದ್ವಿ. ಆರು ಜನ ಮುದುಕರು. ಒಬ್ಬರು ಕೊಡಗಿನವರು, ಒಬ್ಬರು ಬೆಳಗಾವಿ ಕಡೆಯವರು, ಇಬ್ಬರು ಮಲಯಾಳಿಗಳು. ಹಿಂದಿ, ಕನ್ನಡ ಎರಡೂ ಕಲಸಿದ ಮಾತು. ಹಟ್ಟಿಯಲ್ಲಿ ಬಾಯೇ ಬಿಡದ ನಮ್ಮ ಚಿಕ್ಕಪ್ಪ ಅಲ್ಲಿ ಬೇರೇನೇ ಮನುಷ್ಯ. ಕೈ ಆಡಿಸ್ಕೊಂಡು, ನಿಂತು, ಕೂತು ಮಾತಾಡ್ತಿದ್ರು.

ಅವರಿದ್ದದ್ದು ಫಾಕ್ಸ್‌ಟ್ರಾಟ್ ಜಾತಿಯ ಸಬ್‌ಮೆರೀನಿನಲ್ಲಿ. (ಸಬ್‌ಮೆರೀನಿಗೂ ಜಾತಿ ಅಂತಲೇ ಬರೆದೆ ನೋಡಿ, ಅಳಿಸಲ್ಲ, ಇರಲಿ.) ಉದ್ದ 90 ಮೀಟರ್ ಮೇಲೆ, ಒಳಗೆ ಏಳು ಕಂಪಾರ್ಟ್‌ಮೆಂಟು, ಒಂದರಿಂದ ಒಂದಕ್ಕೆ ಹೋಗೋಕೆ ದುಂಡನೆ ಬಾಗಿಲು. ತಲೆ ಮೊದಲು ಹಾಕ್ಬೇಕೋ ಕಾಲು ಮೊದಲೋ ಅಂತ ಹೊಸಬರಿಗೆ ಗೊತ್ತಾಗದೆ ಹಣೆ ಹೊಡಿಸ್ಕೊಳ್ಳೋದು. ಎಪ್ಪತ್ತಕ್ಕೂ ಹೆಚ್ಚು ಗಂಡಸರು. ಎಲ್ಲರಿಗೂ ಮಲಗೋಕೆ ಜಾಗ ಇಲ್ಲ. ಪಾಳಿ ಮುಗಿಸಿ ಬಂದೋನು, ಪಾಳಿಗೆ ಎದ್ದು ಹೋದೋನ ಜಾಗದಲ್ಲೇ ಬಿದ್ಕೊಳ್ಳೋದು. ಹಾಸಿಗೆ ಇನ್ನೂ ಬೆಚ್ಚಗಿರ್ತಿತ್ತಂತೆ. ಸಿಹಿನೀರು ಕುಡಿಯೋಕೆ, ಅಡಿಗೆಗೆ ಮಾತ್ರ. ವಾರಗಟ್ಟಲೆ ಸ್ನಾನ ಇಲ್ಲ. ಡೀಸೆಲ್ ವಾಸನೆ ಚರ್ಮದೊಳಕ್ಕೆ ಇಳಿದು, ರಜೆಗೆ ಬಂದಾಗ ಚಿಕ್ಕಮ್ಮ ಟ್ರಂಕನ್ನ ಮನೆಯೊಳಗೆ ತರೋಕೆ ಬಿಡ್ತಿರಲಿಲ್ಲ. ಮಲಯಾಳಿ ಒಬ್ಬರು ಹೇಳಿದ್ದು ನನಗೆ ಮರೆಯೋಕಾಗಲ್ಲ: ಎಷ್ಟೋ ದಿನ ಆದಮೇಲೆ ಮೇಲಿನ ಮುಚ್ಚಳ ತೆಗೆದಾಗ ಬರೋ ಶುದ್ಧ ಗಾಳಿ ಮೊದಲಿಗೆ ನಾರುತ್ತಂತೆ. ಮೂಗು ಒಳಗಿನ ಗಾಳಿಗೆ ಅಷ್ಟು ಒಗ್ಗಿರುತ್ತೆ.

ಕಕ್ಕಸಿನ ಕತೆಗೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ಹೊರಗೆ ಸಮುದ್ರದ ಒತ್ತಡ, ಒಳಗೆ ವಾಲ್ವುಗಳು. ಒಂದರ ಬದಲು ಇನ್ನೊಂದು ತಿರುಗಿಸಿದ್ರೆ ಹೋಗಿದ್ದೆಲ್ಲ ವಾಪಸ್ ಮುಖಕ್ಕೇ. ಅದನ್ನ ತೊಳೆಯೋರು ಯಾರು ಅಂತ ನಾನು ಕೇಳಿದೆ. ನನ್ನ ತಲೆ ಅಲ್ಲಿಗೇ ಓಡೋದು, ಏನ್ ಮಾಡ್ಲಿ.

"ಮೇಲಿನ ಹಡಗುಗಳಲ್ಲಿ ಟೋಪಾಸ್ ಅಂತ ಬೇರೆ ಜನ ಇರ್ತಿದ್ರು" ಅಂದ್ರು ಚಿಕ್ಕಪ್ಪ. ಬ್ರಿಟಿಷರ ಕಾಲದಿಂದ ಬಂದ ಹೆಸರು, ಸಮವಸ್ತ್ರ ಹಾಕಿದ ಜಾಡಮಾಲಿ. ಆ ಕೆಲಸಕ್ಕೆ ಯಾವ ಕೇರಿಯಿಂದ ಬರ್ತಿದ್ರು ಅಂತ ನಿಮಗೆ ನಾನು ಹೇಳಬೇಕಿಲ್ಲ. ಆಮೇಲೆ ಹೆಸರು ಬದಲಾಗಿ 'ಹೈಜಿನಿಸ್ಟ್' ಆಯ್ತು. "ನಮ್ ಸಬ್‌ಮೆರೀನಲ್ಲಿ ಅದಕ್ಕೆಲ್ಲ ಜಾಗ ಎಲ್ಲಿ? ಪಾಳಿ. ನನ್ನ ಹಾಸಿಗೆ ಹಂಚ್ಕೊಂಡಿದ್ದೋನು ಉತ್ತರಪ್ರದೇಶದ ಪಂಡಿತ. ಅವನೂ ತೊಳೆದ, ನಾನೂ ತೊಳೆದೆ."

ಆ ಪಂಡಿತರ ಊರಿಗೆ ಚಿಕ್ಕಪ್ಪ ಒಂದ್ಸಲ ಹೋಗಿದ್ರು. ಅಲ್ಲಿ ಅವರಿಗೆ ನೀರು ಕೊಟ್ಟ ಲೋಟ ಬೇರೆ. ಪಂಡಿತರು ತಲೆ ತಗ್ಗಿಸಿ ಕೂತಿದ್ರಂತೆ. ಅದನ್ನ ಚಿಕ್ಕಪ್ಪ ತಾರಸಿಯಲ್ಲಿ ಹೇಳಲಿಲ್ಲ, ವಾಪಸ್ ಬರೋವಾಗ ಬಸ್ಸಲ್ಲಿ ಹೇಳಿದ್ರು.

ಚಿಕ್ಕಪ್ಪನ ಕೆಲಸ ಎಲೆಕ್ಟ್ರಿಕಲ್. ನೀರಿನೊಳಗೆ ಡೀಸೆಲ್ ಎಂಜಿನ್ ಓಡಿಸೋಕಾಗಲ್ಲ, ಗಾಳಿ ಬೇಕಲ್ಲ. ಒಳಗೆ ಬ್ಯಾಟರಿ ಮೇಲೆ ಓಟ. ಬ್ಯಾಟರಿ ಇಳಿದಾಗ ಮೇಲ್ಮಟ್ಟಕ್ಕೆ ಬಂದು, ಒಂದು ಕೊಳವೆ ಮಾತ್ರ ಆಚೆ ಹಾಕಿ, ಗಾಳಿ ಎಳ್ಕೊಂಡು ಎಂಜಿನ್ ಓಡಿಸಿ ಚಾರ್ಜ್ ಮಾಡೋದು. ಆಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತೆ. ಗಾಳಿಯಲ್ಲಿ ಅದು ನೂರಕ್ಕೆ 4 ಪಾಲು ಮುಟ್ಟಿದ್ರೆ ಒಂದು ಕಿಡಿ ಸಾಕು, ಎಲ್ಲರ ಕತೆ ಮುಗೀತು. ಉಸಿರಿಂದ ಬರೋ ಕಾರ್ಬನ್ ಡೈಆಕ್ಸೈಡು ಇನ್ನೊಂದು ಕಡೆ. ಅದನ್ನ ಹೀರಿಕೊಂಡು ಆಮ್ಲಜನಕ ಬಿಡೋ ಡಬ್ಬಗಳಿರ್ತವೆ, ಅದಕ್ಕೆ ಎಣ್ಣೆ ತಾಗಿದ್ರೆ ಬೆಂಕಿ. ಅದಕ್ಕೇ ಹೊತ್ತೊತ್ತಿಗೆ ಗ್ಯಾಸ್ ಅಳೀಬೇಕು, ಬುಕ್ಕಲ್ಲಿ ಬರೀಬೇಕು, ಸಹಿ ಹಾಕ್ಬೇಕು. "ನಿದ್ದೆಗಣ್ಣಲ್ಲಿ ಊಟ ಮರೀಬೋದು, ಗ್ಯಾಸ್ ರೀಡಿಂಗ್ ಮರೀಬಾರ್ದು." ಮುಳುಗಿದ್ರೆ ಟಾರ್ಪಿಡೋ ಕೊಳವೆಯಿಂದ ತೆವಳಿ ಹೊರಗೆ ಬರೋದನ್ನೂ ಉಸಿರಾಟದ ಸೂಟು ಹಾಕಿಸಿ ಮೊದಲೇ ಕಲಿಸಿರ್ತಾರೆ.

ಈ ಮಾತು ಬಂದಾಗ ನನಗೆ ತಾರಸಿ ಮೇಲೆ ಕೂರೋಕಾಗಲಿಲ್ಲ. ಎದ್ದು ಹೋಗಿ ಪ್ಯಾರಾಪೆಟ್ ಹತ್ರ ನಿಂತ್ಕೊಂಡೆ.

ನನ್ನ ಅಕ್ಕನ ಮಗ ಸತ್ತಿದ್ದು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಕೊಳಚೆನೀರಿನ ಗುಂಡಿಯಲ್ಲಿ. ಆರು ವರ್ಷ ಆಯ್ತು. ವಯಸ್ಸು 23. ಪಂಪು ಕಟ್ಕೊಂಡಿದೆ, ಇಳಿದು ನೋಡು ಅಂದ್ರು, ಇಳಿದ. ಅವನು ಮೇಲೆ ಬರಲಿಲ್ಲ ಅಂತ ಇನ್ನೊಬ್ಬ ಹುಡುಗ ಇಳಿದ. ಇಬ್ಬರೂ ಹೋದ್ರು. ಕೊಳಚೆಯಲ್ಲಿ ಹುಟ್ಟೋ ಹೈಡ್ರೋಜನ್ ಸಲ್ಫೈಡು ಕೊಳೆತ ಮೊಟ್ಟೆ ವಾಸನೆ ಇರುತ್ತೆ ಅಂತಾರೆ, ಆದ್ರೆ ಜಾಸ್ತಿ ಆದ್ರೆ ಮೂಗೇ ಸತ್ತೋಗುತ್ತೆ, ವಾಸನೆ ಗೊತ್ತಾಗಲ್ಲ. ಶವಾಗಾರದ ಮುಂದೆ ನಾವೆಲ್ಲ ಬಾಯಿ ಬಡ್ಕೊಳ್ತಿದ್ದಾಗ ಚಿಕ್ಕಪ್ಪ ಅಳಲಿಲ್ಲ. ಅಲ್ಲಿಗೆ ಬಂದಿದ್ದ ಸೂಪರ್‌ವೈಸರ್ ಹತ್ರ ಹೋಗಿ ಒಂದೇ ಮಾತು ಕೇಳಿದ್ರು: "ಗ್ಯಾಸ್ ನೋಡಿದ್ರಾ?" ಆ ಮನುಷ್ಯನಿಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. ನನಗೂ ಅವತ್ತು ಅರ್ಥ ಆಗಿರಲಿಲ್ಲ. ಈಯಪ್ಪನಿಗೆ ಇದೊಂದು ಹುಚ್ಚು ಅಂತ ಸಿಟ್ಟು ಬಂದಿತ್ತು.

ತಾರಸಿಯಲ್ಲಿ ಮಾತು ಆಮೇಲೆ ಸಾವಿನ ಕಡೆ ಹೊರಳಿತು. 2013ರ ಆಗಸ್ಟ್ 14, ಮುಂಬೈ ಡಾಕ್‌ಯಾರ್ಡಿನಲ್ಲಿ ಸಿಂಧುರಕ್ಷಕ್ ಸ್ಫೋಟ, 18 ಜನ. 2014ರ ಫೆಬ್ರವರಿ 26, ಸಿಂಧುರತ್ನದೊಳಗೆ ಹೊಗೆ, ಇಬ್ಬರು ಅಧಿಕಾರಿಗಳು. ಕೊಡಗಿನವರು ಹೇಳಿದ್ರು: ಒಂದು ಕಂಪಾರ್ಟ್‌ಮೆಂಟಿಗೆ ಬೆಂಕಿನೋ ನೀರೋ ನುಗ್ಗಿದ್ರೆ ಅದರ ಬಾಗಿಲು ಮುಚ್ಚಬೇಕು, ಒಳಗೆ ಯಾರೇ ಇರಲಿ. ಅಲ್ಲಿ ಸೇರಿದ ದಿನವೇ ಎಲ್ಲರಿಗೂ ಇದು ಗೊತ್ತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಸಿಂಧುರತ್ನದಲ್ಲಿ ಇಬ್ಬರು ಸತ್ತ ದಿನವೇ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಡಿ.ಕೆ. ಜೋಶಿ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಅದೇ ದಿನ! ನಾನು ಆ ಸೈನಿಕರ ಸಾವನ್ನ ಸಣ್ಣದು ಮಾಡ್ತಿಲ್ಲ, ದಯವಿಟ್ಟು ಕಮೆಂಟಲ್ಲಿ ಆ ಜಗಳ ತೆಗೀಬೇಡಿ. ನಾನು ಕೇಳೋದು, ನಮ್ಮ ಗುಂಡಿಯಲ್ಲೂ ಇಬ್ಬರೇ ಸತ್ತಿದ್ದು. ಯಾವ ಎಂಜಿನಿಯರ್, ಯಾವ ಕಂಟ್ರಾಕ್ಟರ್, ಯಾವ ಮಂತ್ರಿ ಒಂದು ದಿನ ರಜೆಯಾದರೂ ಹಾಕಿದ?

ಕಾನೂನು ಇಲ್ಲ ಅಂತಲ್ಲ. ಮಲ ಹೊರುವ ಪದ್ಧತಿ ನಿಷೇಧಿಸೋ 2013ರ ಕಾಯ್ದೆ ಜಾರಿಗೆ ಬಂದದ್ದು ಅದೇ ವರ್ಷ ಡಿಸೆಂಬರ್ 6, ಬಾಬಾಸಾಹೇಬರ ಪರಿನಿಬ್ಬಾಣದ ದಿನ. ರಕ್ಷಣೆ ಇಲ್ಲದೆ ಚರಂಡಿ, ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯನನ್ನ ಇಳಿಸಿದ್ರೆ ಮೊದಲ ತಪ್ಪಿಗೇ 2 ವರ್ಷದವರೆಗೆ ಜೈಲು, 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಅಡ್ಮಿರಲ್ ರಾಜೀನಾಮೆ ಕೊಟ್ಟು ಒಂದು ತಿಂಗಳಿಗೆ, 2014ರ ಮಾರ್ಚ್ 27ರಂದು, ಸುಪ್ರೀಂ ಕೋರ್ಟು 1993ರಿಂದ ಹಿಂಗೆ ಸತ್ತ ಪ್ರತಿಯೊಬ್ಬರ ಕುಟುಂಬಕ್ಕೂ 10 ಲಕ್ಷ ಕೊಡಿ ಅಂತ ತೀರ್ಪು ಕೊಟ್ಟಿತು. 2023ರ ಅಕ್ಟೋಬರಿನಲ್ಲಿ ಅದನ್ನ 30 ಲಕ್ಷಕ್ಕೆ ಏರಿಸಿತು. ಸಮುದ್ರದ ತಳದಲ್ಲಿ ಎಪ್ಪತ್ತು ಜನರ ಉಸಿರನ್ನ ಲೆಕ್ಕ ಇಡೋ ಸರ್ಕಾರಕ್ಕೆ ಹನ್ನೆರಡು ಅಡಿ ಗುಂಡಿಯ ಗಾಳಿ ಅಳೆಯೋಕೆ ಬರಲ್ಲ ಅಂದ್ರೆ ನಂಬಬೇಕಾ? ಬರುತ್ತೆ. ಚಿಕ್ಕಪ್ಪನಿಗೇ ಕಲಿಸಿದ್ರಲ್ಲ.

ಆ ರಾತ್ರಿ ಬಸ್ಸಲ್ಲಿ ಚಿಕ್ಕಪ್ಪ ಇನ್ನೊಂದು ವಿಷಯ ಬಾಯಿಬಿಟ್ರು. ಪಿಂಚಣಿ ದುಡ್ಡಲ್ಲಿ ಅಂಗೈಯಗಲದ ಒಂದು ಗ್ಯಾಸ್ ಮೀಟರ್ ತಂದಿಟ್ಟಿದಾರೆ. ಹಟ್ಟಿ ಹುಡುಗರು ಯಾರಾದ್ರೂ ಇಂಥ ಕೆಲಸಕ್ಕೆ ಹೋಗೋದಾದ್ರೆ ತಗೊಂಡು ಹೋಗ್ಲಿ ಅಂತ. ನಾನು ಜಗಳ ಆಡಿದೆ. ಯಾರೂ ಇಳಿಯಲೇಬಾರದು ಅನ್ನೋದು ನಮ್ಮ ಹೋರಾಟ, ನೀವು ಮೀಟರ್ ಕೊಟ್ರೆ ಇಳಿಯೋಕೆ ಒಪ್ಪಿಗೆ ಕೊಟ್ಟಂಗೆ, ನಾಳೆ ಕಂಟ್ರಾಕ್ಟರ್ ಮೀಟರ್ ಇತ್ತಲ್ಲ ಅಂತಾನೆ ಅಂದೆ. "ಸರಿ ಕಣಪ್ಪ, ನಿನ್ ಮಾತೂ ಸರಿ. ಆದ್ರೆ ಆ ಹುಡುಗರು ನಿನ್ನ ಕೇಳಿ ಇಳೀತಾರಾ?" ಅಂದ್ರು. ನೆಲಮಂಗಲ ದಾಟೋವರೆಗೂ ಇಬ್ಬರೂ ಮಾತಾಡಲಿಲ್ಲ. ನನ್ನ ಅಭಿಪ್ರಾಯ ಈಗಲೂ ಬದಲಾಗಿಲ್ಲ. ಪೂರ್ತಿ ಹಂಗೇ ಇದೆ ಅಂತಲೂ ಹೇಳಲಾರೆ.

ಹೋದ ವಾರ ಹಟ್ಟಿಯ ಒಬ್ಬ ಹುಡುಗ ಮೀಟರ್ ಕೇಳೋಕೆ ಬಂದ. ದಾಬಸ್‌ಪೇಟೆ ಕಡೆ ಒಂದು ಕಟ್ಟಡದ ಸೆಪ್ಟಿಕ್ ಟ್ಯಾಂಕು. ಚಿಕ್ಕಪ್ಪ ಮೀಟರ್ ಕೈಗೆ ಕೊಡಲಿಲ್ಲ, ಅವನ ಬೈಕ್ ಹತ್ತಿ ತಾವೇ ಹೋದ್ರು. ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ ತಕ್ಷಣ ಅದು ಬಡ್ಕೊಳ್ಳೋಕೆ ಶುರು ಮಾಡ್ತಂತೆ. ಆಮ್ಲಜನಕ 19.5ಕ್ಕಿಂತ ಕೆಳಗೆ ಇಳಿದ್ರೆ ಕೂಗುತ್ತೆ. ಮಾಲೀಕರಿಗೆ ಅದನ್ನ ತೋರಿಸಿ, 2013ರ ಕಾಯ್ದೆಯನ್ನೂ ಹೇಳಿ, ಸಕ್ಕಿಂಗ್ ಮೆಷಿನ್ ಲಾರಿ ತರಿಸಿದ್ರು. ಲಾರಿ ಖರ್ಚಿಗೆ ಆ ಮನುಷ್ಯ ಇಬ್ಬರಿಗೂ ಬಾಯಿಗೆ ಬಂದಂಗೆ ಬೈದರಂತೆ.

ಹುಡುಗನ ಆ ದಿನದ ಕೂಲಿ ಹೋಯ್ತು. ಚಿಕ್ಕಪ್ಪ ಜೇಬಿಂದ ತೆಗೆದು ಕೊಡೋಕೆ ಹೋದ್ರು, ಅವನು ತಗೊಳ್ಳಲಿಲ್ಲ. ಮನೆಗೆ ಬಂದು ಹಳೇ ನೋಟ್‌ಬುಕ್ಕಲ್ಲಿ ತಾರೀಕು, ಟೈಮು, ರೀಡಿಂಗು ಬರೆದು ಕೆಳಗೆ ಸಹಿ ಹಾಕಿದಾರೆ. ನಿನ್ನೆ ನೋಡಿದೆ. ಬುಕ್ಕಲ್ಲಿ ಅದು ಒಂಬತ್ತನೇ ಸಾಲು.

ಜೈಭೀಮ್.