ಕಾರ್ಡಿನ ಮೇಲೆ ಊರಿನ ಹೆಸರು

ತುರುವೇಕೆರೆ ತಾಲ್ಲೂಕಿನ ನಮ್ಮ ಅಮ್ಮಸಂದ್ರದ ಸುತ್ತಮುತ್ತ ಯಾರು ಹೊಸದಾಗಿ ಎಣ್ಣೆ ಗಾಣ ಹಾಕಲಿ, ನಾರಿನ ಘಟಕ ತೆರೆಯಲಿ, ಬೋರ್ಡಿನ ಜೊತೆಗೇ ವಿಸಿಟಿಂಗ್ ಕಾರ್ಡನ್ನೂ ಮಾಡಿಸುತ್ತಾರೆ. ಮೊದಲ ಕಟ್ಟು ದೇವರ ಮುಂದೆ ಅರಿಶಿನ ಕುಂಕುಮ ಹಚ್ಚಿಸಿಕೊಂಡೇ ಜೇಬಿಗೆ ಇಳಿಯುತ್ತದೆ. ಯಾರಾದರೂ ಕಾರ್ಡು ಕೊಟ್ಟರೆ ನಾನು ನಿಂತು ಪೂರ್ತಿ ಓದುತ್ತೇನೆ. ತನ್ನನ್ನು ನಾಲ್ಕು ಜನ ಹೇಗೆ ಕಾಣಬೇಕೆಂದು ಒಬ್ಬರು ಅಳೆದೂ ಸುರಿದೂ ಬರೆಸಿದ ಮಾತು ಅದರಲ್ಲಿರುತ್ತದೆ.

ನಮ್ಮ ಕಡೆಯ ಕಾರ್ಡಿನ ನೆತ್ತಿಯಲ್ಲಿ ಮನೆದೇವರ ಹೆಸರು, ‘ಪ್ರಸನ್ನ’ ಎಂಬ ಮಾತಿನೊಂದಿಗೆ. ಎಡಕ್ಕೊಂದು ತೆಂಗಿನ ಮರ. ನಡುವೆ ದಪ್ಪಕ್ಷರದಲ್ಲಿ ಅಂಗಡಿಯ ಹೆಸರು. ಬಹಳ ಸಲ ಅದರಲ್ಲಿ ‘ಕಲ್ಪತರು’ ಸೇರಿರುತ್ತದೆ. ಕೆಳಗೆ ‘ಪ್ರೊ:’ ಎಂದು ಮಾಲೀಕರ ಹೆಸರು, ಎರಡು ಮೊಬೈಲ್ ನಂಬರು. ಈಚೆಗೆ ಹಿಂಬದಿಯಲ್ಲಿ ಹಣ ಕಳಿಸುವ ಕ್ಯೂಆರ್ ಕೋಡ್. ‘ಪರಿಶುದ್ಧ’, ‘ಉತ್ಕೃಷ್ಟ’ ಎಂಬ ಮಾತುಗಳನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ನನ್ನ ಕಣ್ಣು ಹುಡುಕುವುದು ಎಣ್ಣೆ ಮಾರುವವರ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆಯನ್ನು, 29ರಿಂದ ಶುರುವಾಗುವ ಜಿಎಸ್‌ಟಿ ಸಂಖ್ಯೆಯನ್ನು. ಇವನ್ನು ಕೊಳ್ಳುವವರು ತಾವೇ ತಾಳೆ ನೋಡಬಹುದು. ಪರೀಕ್ಷೆಗೆ ಒಡ್ಡಿಕೊಳ್ಳಲು ಹಿಂಜರಿಯದವರ ಕಾರ್ಡು ಅದು.

ಈ ಸೀಮೆಗೆ ಪರೀಕ್ಷೆ ಹೊಸದಲ್ಲ. ಬಲಿತ ಕಾಯನ್ನು ಹೆಚ್ಚುಕಡಿಮೆ ವರ್ಷದವರೆಗೆ ಅಟ್ಟದ ಮೇಲೆ ಬಿಟ್ಟು, ಒಳಗಿನ ನೀರು ಇಂಗಿ ಗಿಟುಕು ಚಿಪ್ಪು ಬಿಟ್ಟ ಮೇಲೆಯೇ ಸುಲಿಯುವುದು. ಅಲುಗಾಡಿಸಿದರೆ ಒಳಗೆ ಲೊಟಲೊಟ ಸದ್ದು ಬರಬೇಕು. ತಿಪಟೂರು ಮಾರುಕಟ್ಟೆಗೆ ಹೋದ ಉಂಡೆ ಕೊಬ್ಬರಿಯನ್ನು ವರ್ತಕರು ಕೈಯಲ್ಲಿ ಹಿಡಿದು ತೂಗುತ್ತಾರೆ, ಒಡೆದು ಬಣ್ಣ ನೋಡುತ್ತಾರೆ. ಅಲ್ಲಿಂದ ಅದು ಉತ್ತರ ಭಾರತದವರೆಗೆ ಹೋಗುತ್ತದೆ. ಇಂಥವರ ಕೊಬ್ಬರಿ ಎಂದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು ಎಂಬ ಹೆಸರು ವರ್ಷಾನುಗಟ್ಟಲೆ ಅಟ್ಟದ ಮೇಲೆ ಕಾದು ಗಳಿಸಿದ್ದು. ಹಾಗೆ ಬಂದ ಹೆಸರನ್ನು ಗುರುತಿಲ್ಲದವರ ಕೈವರೆಗೆ ತಲುಪಿಸುವುದಷ್ಟೇ ಕಾರ್ಡಿನ ಕೆಲಸ.

ಅಚ್ಚಾದ ಹೆಸರು ಬೇಗ ಬದಲಾಗುತ್ತದೆ. ಅಮ್ಮಸಂದ್ರವನ್ನು ಹೊರಗಿನವರಿಗೆ ಪರಿಚಯಿಸಿದ್ದು ಮೈಸೂರು ಸಿಮೆಂಟ್ಸ್ ಕಾರ್ಖಾನೆ. 2006ರಲ್ಲಿ ಅದು ಜರ್ಮನಿಯ ಹೈಡೆಲ್‌ಬರ್ಗ್ ಕಂಪನಿಯ ಕೈಸೇರಿತು, ಆಮೇಲೆ ಹೆಸರೂ ಬದಲಾಯಿತು. ಬೋರ್ಡು, ಚೀಲ, ಅಧಿಕಾರಿಗಳ ಕಾರ್ಡು ಎಲ್ಲ ಹೊಸದಾದವು. ಸುತ್ತಲಿನ ಹಳ್ಳಿಗಳವರಿಗೆ ಮಾತ್ರ ಅದು ಇಂದಿಗೂ ಸಿಮೆಂಟ್ ಫ್ಯಾಕ್ಟ್ರಿಯೇ. ಜನರ ನಾಲಿಗೆಯ ಮೇಲೆ ನೆಲೆಯೂರುವ ಹೆಸರು ಅನುಭವದಿಂದ ಬರುತ್ತದೆ. ಹೊಸ ಉದ್ಯಮಿ ಮೊದಲು ಸಂಪಾದಿಸಬೇಕಾದ್ದು ಅದನ್ನು.

ಇನ್ನೊಂದು ಸಂಗತಿ ನನ್ನನ್ನು ತುಂಬ ಕಾಡುತ್ತದೆ. ಕೆಲವು ಕಾರ್ಡುಗಳಲ್ಲಿ ‘ಪ್ರೊ:’ ಎಂದು ಹೆಣ್ಣುಮಗಳ ಹೆಸರಿರುತ್ತದೆ, ಕೆಳಗಿನ ನಂಬರು ಗಂಡನದು. ಕೊಬ್ಬರಿ ಮಿಠಾಯಿಗೆ ಪಾಕ ಹದ ಮಾಡುವವಳು ಅವಳು, ಲೆಕ್ಕ ಬರೆಯುವವಳು ಅವಳು, ಸಂಘದ ಸಾಲ ತೀರಿಸುವವಳೂ ಅವಳೇ. ಫೋನು ಮಾಡಿದವರಿಗೆ ಮಾತ್ರ ಅವಳ ದನಿ ಕೇಳಿಸುವುದಿಲ್ಲ. ಅವಳ ನಂಬರೂ ಅಚ್ಚಾಗಲಿ. ದರ ಹೇಳುವವಳು, ಆರ್ಡರು ಒಪ್ಪಿಕೊಳ್ಳುವವಳು ಅವಳಾದಾಗಲೇ ಆ ಹೆಸರಿಗೆ ಅರ್ಥ.

ಕಾರ್ಡು ಮಾಡಿಸಹೊರಟ ನಮ್ಮ ಹುಡುಗ ಹುಡುಗಿಯರಿಗೆ ಹೇಳುವುದಿಷ್ಟು: ಒಂದು ಬದಿ ಕನ್ನಡ ಇರಲಿ, ದೂರದ ಗಿರಾಕಿಗೆಂದು ಇನ್ನೊಂದು ಬದಿ ಇಂಗ್ಲಿಷೋ ಹಿಂದಿಯೋ ಇರಲಿ. ಮಾಡುವ ಕೆಲಸವನ್ನಷ್ಟೇ ಬರೆಯಿರಿ, ನೀವೇ ಎತ್ತುವ ನಂಬರು ಕೊಡಿ. ದೊಡ್ಡದಾಗಿ ಕಾಣಲೆಂದು ಬೆಂಗಳೂರಿನ ವಿಳಾಸ ಹಾಕಿಸಬೇಡಿ. ‘ಅಮ್ಮಸಂದ್ರ, ತುರುವೇಕೆರೆ ತಾಲ್ಲೂಕು’ ಎಂದು ಧೈರ್ಯವಾಗಿ ಬರೆಸಿ. ಮಾಲು ಕೆಟ್ಟರೆ ಎಲ್ಲಿಗೆ ಬಂದು ಕೇಳಬೇಕೆಂದು ಮೊದಲೇ ತಿಳಿಸಿದವರನ್ನು ಗಿರಾಕಿ ಸುಲಭಕ್ಕೆ ಬಿಟ್ಟುಹೋಗುವುದಿಲ್ಲ.